ಲಾಭ, ಎರಡು, ಮೂರು

ಆದೋನಿ
12-8-1937

ಚಿ. ಸೌ. ಗುರುಶಾಂತಮ್ಮಗೆ ನಿನ್ನ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂತು. ಅಕ್ಷರ ಎಂದಿನಂತೆ ಮುತ್ತು ಪೋಣಿಸಿದ ಹಾಗಿದೆ. ತಾರೀಖು ಇರಬೇಕಾದ ಜಾಗದಲ್ಲಿ ಮಾತ್ರ ‘ಸಜ್ಜೆಗೆ ಎಡೆ ಹೊಡೆಯುವ ಕಾಲ’ ಎಂದು ಬರೆದಿದ್ದೀಯೆ. ಹೊಲದಲ್ಲಿ ಕಳೆಗೆ ಎಡೆ ಹೊಡೆಯುವವರೂ ಹೀಗೆ ಬರೆಯುವುದಿಲ್ಲ ಮಗಳೇ. ಹತ್ತಿ ವ್ಯಾಪಾರಿ ಏಕಾಂತಪ್ಪನವರ ಮಗಳಿಗೆ ತಾನು ಯಾವ ದಿನದಲ್ಲಿ ಕೂತಿದ್ದೇನೆ ಎಂಬುದೂ ಗೊತ್ತಿಲ್ಲ ಎಂದು ಗೋನೆಗಂಡ್ಲಕ್ಕೆಲ್ಲ ಸಾರಬೇಕೆಂದು ಮನಸ್ಸಿದ್ದರೆ ಡಂಗುರದವನನ್ನು ಕರೆಸು, ಅಂಚೆ ಚೀಟಿಯ ಖರ್ಚಾದರೂ ಉಳಿಯುತ್ತದೆ.

ನಿಮ್ಮಪ್ಪ ಮಂಡಿಯಲ್ಲಿ ಹತ್ತಿಯ ರಾಶಿಯನ್ನು ಕಣ್ಣಲ್ಲಿ ನೋಡಿಯೇ ಇಷ್ಟು ತೂಗುತ್ತದೆ ಎನ್ನುತ್ತಿದ್ದರು. ಅವರು ಹೋದ ಮೇಲೆ ನಾನೊಬ್ಬಳೇ ನಿಂತು ಈ ಮನೆ ನಡೆಸಿದ್ದೇನೆ. ನಿನಗೆ ನಿನ್ನ ಕೈಬೆರಳೇ ಎಣಿಸಿದಾಗಲೊಂದು ಲೆಕ್ಕ. ಹುಡುಗಿ ನೋಡಲು ಬಂದ ದಿನ ನಿನ್ನ ಅತ್ತೆ ಲಿಂಗಕ್ಕನವರು ವೀಳ್ಯದೆಲೆಯ ಕಟ್ಟು ಮುಂದಿಟ್ಟು, ಐವರು ಹಿರಿಯರಿಗೆ ಎಣಿಸಿ ಕೊಡವ್ವ ಎಂದದ್ದು ನೆನಪಿದೆಯೇ? ನಿನ್ನ ತಂಗಿ ನಾಗಮ್ಮ ಬೆನ್ನ ಹಿಂದೆ ಕೂತು, ಸಾಕೆನ್ನುವ ಕಡೆಗೆಲ್ಲ ಚಿವುಟಿದ್ದಕ್ಕೆ ನಿನ್ನ ಮದುವೆ ಆಯಿತು. ನಿನಗಿಂತ ಎರಡು ವರ್ಷ ಚಿಕ್ಕವಳು ಆಕೆ. ಅಲ್ಲಿ ಚಿವುಟುವವರಿಲ್ಲ. ಬಾಯಿ ಮುಚ್ಚಿಕೊಂಡು ಇರು.

ಕೂಲಿಯವರಿಗೆ ಜೋಳ ಅಳೆಯುವುದು ಸೊಸೆಯ ಕೆಲಸ, ಅದನ್ನು ತಪ್ಪಿಸಲು ಆಗುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಮೊದಲನೆಯ ಸೇರಿಗೆ ‘ಒಂದು’ ಎನ್ನಬಾರದು, ‘ಲಾಭ’ ಎನ್ನಬೇಕು. ಧಾನ್ಯ ಅಳೆಯುವಾಗ ಒಂಟಿ ಮಾತು ಬಾಯಲ್ಲಿ ಬರಬಾರದು. ಲಾಭ, ಎರಡು, ಮೂರು. ನೀನು ಲಾಭ ಎಂದು, ಆಮೇಲೆ ‘ಒಂದು’ ಎಂದು ಶುರು ಮಾಡುತ್ತೀಯೆ. ಐದು ವರ್ಷದವಳಿದ್ದಾಗಲೂ ಹಾಗೇ ಮಾಡುತ್ತಿದ್ದೆ, ಕೈಗೆ ಬರೆ ಹಾಕಿದರೂ ಬಿಡಲಿಲ್ಲ.

ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ನನ್ನ ಕಾಗದ ಒಂದೂ ಆ ಮನೆಯಲ್ಲಿ ಉಳಿಯಕೂಡದು.

ನಿನ್ನ ಅವ್ವ,
ವೀರಬಸಮ್ಮ


ಗೋನೆಗಂಡ್ಲ
ಬನ್ನಿ ಕೊಟ್ಟ ಮೇಲೆ ಬಂದ ಸೋಮವಾರ

ಅವ್ವನ ಪಾದಗಳಿಗೆ ಗುರುಶಾಂತಿಯ ಶರಣು.

ತಾರೀಖು ಹಾಕಬೇಕೆಂದು ಗೋಡೆಯ ಮೇಲಿನ ಕ್ಯಾಲೆಂಡರಿನ ಎದುರು ನಿಂತೆ. ಚೌಕಗಳೆಲ್ಲ ಒಂದೇ ತರಹ ಕಾಣುತ್ತವೆ ಅವ್ವ. ಸೋಮವಾರ ಮಾತ್ರ ನನಗೆ ತಪ್ಪುವುದಿಲ್ಲ, ಏಕೆಂದರೆ ಅಂದು ಒಪ್ಪತ್ತು, ಹೊಟ್ಟೆಯೇ ಹೇಳುತ್ತದೆ. ಬೈಯಬೇಡ.

ನಾನು ಸುಮ್ಮನೆ ಕೂತಿಲ್ಲ. ಪಡಸಾಲೆಯಲ್ಲಿ ದೊಡ್ಡ ಗಡಿಯಾರ ಇದೆ. ಎಷ್ಟಾಯಿತು ಎಂದು ಒಳಗಿನಿಂದ ಯಾರಾದರೂ ಕೂಗಿದರೆ, ಕಂಬದ ನೆರಳು ಎಲ್ಲಿ ಬಿದ್ದಿದೆ ಎಂದು ನೋಡಿ ಹೇಳುತ್ತೇನೆ. ಮೋಡ ಕವಿದ ದಿನ ಸಿಕ್ಕಿಬೀಳುತ್ತೇನೆ. ಹಬ್ಬದಲ್ಲಿ ಜಂಗಮರು ಪ್ರಸಾದಕ್ಕೆ ಬಂದಾಗ, ಒಬ್ಬೊಬ್ಬರ ಮುಖ ನೆನೆದು ಒಂದೊಂದು ಎಲೆ ಹಾಸಿದೆ. ಎಲ್ಲ ಸರಿಯಾಗಿತ್ತು. ನನಗೆ ಗುರುತಿಲ್ಲದ ಒಬ್ಬರು ದೇವನಕೊಂಡದಿಂದ ಬಂದಿದ್ದರು, ಅವರೊಬ್ಬರಿಗೆ ಎಲೆ ಇರಲಿಲ್ಲ. ಅವರು ಗೋಡೆಗೆ ಒರಗಿ ನಿಂತೇ ಇದ್ದರು. ಅತ್ತೆ ನನ್ನ ಕಡೆ ನೋಡಿದ ನೋಟಕ್ಕೆ ನಾನು ಓಡಿ ಹೋಗಿ ಇನ್ನೊಂದು ಎಲೆ ತಂದೆ.

ಜೋಳದ ಸಂಗತಿ ನಿನಗೆ ಬೇರೆಯವರಿಂದ ತಿಳಿಯುವ ಮೊದಲು ನಾನೇ ಬರೆಯುತ್ತೇನೆ. ಇಲ್ಲಿ ಲಾಭದ ಜೊತೆಗೆ ಇನ್ನೊಂದು ಇದೆ. ಕೂಲಿಯವರು ತೆಲುಗಿನವರು. ತೆಲುಗಿನಲ್ಲಿ ‘ಏಡು’ ಎಂದರೆ ಏಳೂ ಹೌದು, ಅಳು ಎಂದೂ ಹೌದು. ಅದಕ್ಕೆ ಕಣದಲ್ಲಿ ಏಳು ಎನ್ನದೆ ‘ಆರುನ್ನೊಕ್ಕಟಿ’ ಎನ್ನುತ್ತಾರೆ, ಆರೂ ಮತ್ತೊಂದೂ ಎಂದು. ಒಂದಕ್ಕೆ ಒಂದೆನ್ನಬಾರದು, ಏಳಕ್ಕೆ ಏಳೆನ್ನಬಾರದು. ಇದ್ದ ಹೆಸರೇ ನನ್ನ ಕೈಯಲ್ಲಿ ನಿಲ್ಲುವುದಿಲ್ಲ, ಇವರು ಹೆಸರು ಬೇರೆ ಬದಲಿಸುತ್ತಾರೆ. ಕೂಲಿ ಹೆಣ್ಣುಮಕ್ಕಳೆಲ್ಲ ನನ್ನ ಕೈಯಿಂದಲೇ ಅಳೆಸಿಕೊಳ್ಳಲು ಮುಗಿಬೀಳುತ್ತಿದ್ದರು. ಸೂಲಗಿತ್ತಿ ಸುಂಕಲಮ್ಮ ಎಂಬಾಕೆ, “ಚಿನ್ನಮ್ಮ ಚೆಯ್ಯಿ ಚಲ್ಲಗುಂಡಾಲ,” ನಿನ್ನ ಕೈ ತಣ್ಣಗಿರಲಿ ಎಂದು ಹರಸುತ್ತಿದ್ದಳು. ನನ್ನನ್ನು ಕಂಡರೆ ಅವರಿಗೆ ಇಷ್ಟ ಎಂದುಕೊಂಡು ಹಿಗ್ಗಿದ್ದೆ. ಪ್ರತಿಯೊಬ್ಬರಿಗೂ ಒಂದು ಸೇರು ಹೆಚ್ಚು ಹೋಗುತ್ತಿತ್ತಂತೆ.

ಅತ್ತೆ ಎಲ್ಲರ ಮಡಿಲಿನ ಜೋಳ ತಿರುಗಿ ಸುರಿಸಿದರು. ಆಮೇಲೆ ನನ್ನನ್ನು ನಡುವೆ ಕೂರಿಸಿ ಅದೇ ರಾಶಿಯನ್ನು ಮತ್ತೆ ಮತ್ತೆ ಅಳೆಯಲು ಹಚ್ಚಿದರು. ಪ್ರತಿ ಸಲವೂ ಬೇರೆ ಲೆಕ್ಕ ಬಂತು. ಅತ್ತೆ ನಕ್ಕರು, ಅವರು ನಕ್ಕ ಮೇಲೆ ಹೆಣ್ಣುಮಕ್ಕಳೂ ನಗಬೇಕಾಯಿತು. ಸುಂಕಲಮ್ಮ ನಗಲಿಲ್ಲ. ಸೊಕ್ಕಿಗೆ ಹೀಗೆ ಮಾಡುತ್ತಾಳೆ, ತವರಿನ ಸಿರಿ ತೋರಿಸುತ್ತಾಳೆ ಎಂದು ಅತ್ತೆ ಅಂದರು. ಸಂಜೆ ಅವರೇ ನನ್ನನ್ನು ಕರೆದು ಪುರಾಣ ಓದಲು ಕೂರಿಸಿದರು. ಓಣಿಯವರೆಲ್ಲ ಬಂದು ಕೇಳಿ ಕಣ್ಣು ಒರೆಸಿಕೊಂಡು ಹೋದರು.

ದಸರೆಯ ಬನ್ನಿ ಕೊಟ್ಟ ಮರುದಿನವೇ ನಿನ್ನ ಅಳಿಯಂದಿರು ಬೊಂಬಾಯಿಗೆ ಹೋದರು, ಹತ್ತಿ ದಲಾಲಿಯ ಕೆಲಸ ಕಲಿಯಲು. ಶಿವರಾತ್ರಿಗೆ ಬರುತ್ತಾರೆ. ಬಂದ ಮೇಲೆ ಗಡಿಯಾರ ನೋಡುವುದನ್ನು ಕಲಿಸುತ್ತೇನೆ ಎಂದು ನಕ್ಕು ಹೇಳಿ ಹೋದರು. ಅವರು ನಕ್ಕರೆ ನನಗೆ ನೋವಾಗುವುದಿಲ್ಲ. ನಾಗಮ್ಮನನ್ನು ಕೆಲವು ದಿನ ಇಲ್ಲಿಗೆ ಕಳಿಸುತ್ತೀಯಾ?

ನಿನ್ನ ಮಗಳು,
ಗುರುಶಾಂತಿ


ಆದೋನಿ
9-12-1937

ಚಿ. ಸೌ. ಗುರುಶಾಂತಮ್ಮಗೆ ಆಶೀರ್ವಾದ.

ನಾಗಮ್ಮನನ್ನು ಕಳಿಸುವುದಿಲ್ಲ. ಆಕೆಗೆ ಬಳ್ಳಾರಿಯಿಂದ ಮಾತು ಬಂದಿದೆ, ದೊಡ್ಡ ಮನೆ. ನಿನ್ನ ಜೋಳ ಅಳೆಯಲು ಆಕೆಯನ್ನು ಹೆತ್ತಿಲ್ಲ.

ಮೊನ್ನೆಯ ಕಾಗದದಲ್ಲಿ ಊಟ ಸೇರುವುದಿಲ್ಲ, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದು ಬರೆದಿದ್ದೀಯೆ. ಅದೇನೆಂದು ನಿನಗೆ ಗೊತ್ತಾಗಿಲ್ಲದಿದ್ದರೆ ನಾನು ಹೇಳುತ್ತೇನೆ. ನಿನ್ನಿಂದ ಒಂದು ಕೆಲಸವಾದರೂ ಸರಿಯಾಗಿ ಆಯಿತು.

ಬೇರೆ ಜಾತಿಯ ಹೆಂಗಸರು ತಿಂಗಳಿಗೊಮ್ಮೆ ಹೊರಗೆ ಕೂರುತ್ತಾರೆ. ಕೂರದಿದ್ದರೆ ಓಣಿಗೆಲ್ಲ ತಿಳಿಯುತ್ತದೆ, ಲೆಕ್ಕ ಇಡುವವರು ಹತ್ತು ಮಂದಿ. ನಮ್ಮಲ್ಲಿ ಆ ಮೈಲಿಗೆ ಇಲ್ಲ, ಅದಕ್ಕೆ ನಮ್ಮ ಹೆಂಗಸರು ತಮ್ಮ ಲೆಕ್ಕ ತಾವೇ ಇಟ್ಟುಕೊಳ್ಳಬೇಕು. ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಡಬ್ಬಿಯಲ್ಲಿ ಹುಣ್ಣಿಮೆಗೊಂದು ಹುಣಸೆಬೀಜ ಹಾಕು, ತಲೆಗೆ ನೀರು ಹಾಕಿಕೊಂಡಾಗ ಖಾಲಿ ಮಾಡು ಎಂದಿದ್ದೆ. ಅದನ್ನಾದರೂ ಮಾಡುತ್ತಿದ್ದೀಯೆ ಎಂದುಕೊಂಡಿದ್ದೇನೆ. ಇನ್ನು ಮೇಲೆ ಖಾಲಿ ಮಾಡಬೇಡ. ಹುಣ್ಣಿಮೆ ನೋಡಲು ಎಣಿಕೆ ಬೇಕಿಲ್ಲ, ಕಣ್ಣಿದ್ದರೆ ಸಾಕು.

ಯಾರಾದರೂ ಎಷ್ಟು ತಿಂಗಳು ಎಂದು ಕೇಳಿದರೆ ಬೀಜ ಎಣಿಸಿ ಹೇಳು. ಧಾನ್ಯ ಅಳೆದ ಹಾಗೆ ‘ಲಾಭ’ ಎಂದೇ ಶುರು ಮಾಡು. ಹೊಟ್ಟೆಯಲ್ಲಿರುವ ಕೂಸನ್ನು ಒಂಟಿ ಮಾತಿನಿಂದ ಎಣಿಸಬಾರದು. ನಾನು ನಿಮ್ಮಿಬ್ಬರನ್ನೂ ಹಾಗೇ ಎಣಿಸಿದ್ದೆ. ಒಬ್ಬಳಲ್ಲಿ ಲಾಭ ಬಂತು.

ಕಾಗದ ಒಲೆಗೆ.

ನಿನ್ನ ಅವ್ವ,
ವೀರಬಸಮ್ಮ


ಗೋನೆಗಂಡ್ಲ
ಶಿವರಾತ್ರಿ ಮುಗಿದು ಹತ್ತಿ ಬಿಡಿಸಲು ಹೋಗುವ ಕಾಲ

ಅವ್ವ,

ಈ ಕಾಗದ ಕೈಗೆ ಬಂದ ಕೂಡಲೇ ಉತ್ತರ ಬರೆ. ನಾಳೆ ಎನ್ನಬೇಡ.

ಅವರು ಶಿವರಾತ್ರಿಗೆ ಬಂದರು. ನನ್ನ ಹೊಟ್ಟೆ ನೋಡಿ ಅವರ ಮುಖ ಅರಳಿದ್ದನ್ನು ನಾನು ನೋಡಿದೆ, ಅದು ಸುಳ್ಳಲ್ಲ. ಬಂಧುಗಳೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಎಷ್ಟು ತಿಂಗಳವ್ವ ಎಂದು ಅತ್ತೆ ಕೇಳಿದರು. ನಾನು ಅಡುಗೆ ಮನೆಗೆ ಹೋಗಿ ಡಬ್ಬಿ ತೆಗೆದು, ನೀನು ಹೇಳಿದ ಹಾಗೆ ಲಾಭ ಎಂದೇ ಶುರು ಮಾಡಿ ಎಣಿಸಿದೆ. ಎರಡು ಸಲ ಎಣಿಸಿದೆ. ಎರಡು ಸಲವೂ ಒಂದೇ ಬಂತು ಎಂದು ಎಷ್ಟು ಖುಷಿಯಾಯಿತು ಗೊತ್ತೇ? ಹೊರಗೆ ಬಂದು ಎಲ್ಲರ ಮುಂದೆ ‘ನಾಲ್ಕು’ ಎಂದೆ.

ಅವರು ಬೆರಳಿನ ಗೆಣ್ಣು ಮುಟ್ಟಿ ಎಣಿಸುತ್ತಾ ಎಣಿಸುತ್ತಾ ತಲೆ ತಗ್ಗಿಸಿದರು. ನನಗೆ ಏನೂ ತಿಳಿಯಲಿಲ್ಲ, ನಗುತ್ತಲೇ ನಿಂತಿದ್ದೆ. ಆಮೇಲೆ ಸುಂಕಲಮ್ಮ ಬಿಡಿಸಿ ಹೇಳಿದಳು. ಶಿವರಾತ್ರಿಯಿಂದ ಐದು ತಿಂಗಳು ಹಿಂದಕ್ಕೆ ಹೋದರೆ ದಸರೆಯ ಮೊದಲು, ಅವರು ಮನೆಯಲ್ಲಿದ್ದರು. ನಾಲ್ಕೇ ಹಿಂದಕ್ಕೆ ಹೋದರೆ ಅವರು ಬೊಂಬಾಯಿಯಲ್ಲಿದ್ದರು. ಡಬ್ಬಿಯಲ್ಲಿದ್ದ ಬೀಜ ಐದು ಅಂತೆ ಅವ್ವ. ನಾನು ಲಾಭ ಆದ ಮೇಲೆ ಒಂದು ಎಂದಿದ್ದೆ.

ಹೊಟ್ಟೆ ಐದರದೇ ಎಂದು ಸುಂಕಲಮ್ಮ ಅತ್ತೆಯ ಮುಂದೆ ಹೇಳಿದ್ದಕ್ಕೆ ಆಕೆಯನ್ನು ಅಂಗಳದಿಂದ ಆಚೆ ಕಳಿಸಿದರು. ಡಬ್ಬಿ ತೋರಿಸಿದೆ. ಬೀಜ ಯಾವಾಗ ಬೇಕಾದರೂ ಹಾಕಬಹುದು ಎಂದರು. ಕೊನೆಗೆ ನಾಚಿಕೆ ಬಿಟ್ಟು, ನನಗೆ ಹುಟ್ಟಿದಾಗಿನಿಂದ ಎಣಿಕೆ ಬರುವುದಿಲ್ಲ ಎಂದು ಹೇಳಿಕೊಂಡೆ. ಅತ್ತೆ ಹೇಳಿದ ಮಾತು ಹಾಗೆಯೇ ಬರೆಯುತ್ತೇನೆ.

“ಊರ ಮಂದೀನ ಕುಂದ್ರಿಸಿ ಪುರಾಣ ಓದಾಕಿ, ಐದರ ತನಕ ಎಣಿಸಾಕ ಬರಂಗಿಲ್ಲ ಅಂದ್ರ ಯಾರ ನಂಬ್ತಾರ? ನಿಮ್ಮವ್ವ ತನ್ನ ಕೈಯಾರ ಹಂಗಂತ ಬರದು ಕಳಿಸಲಿ. ಹೆತ್ತಾಕಿ ಮಾತು ನಾ ನಂಬತೀನಿ.”

ಅವರ ಮುಖ ನೋಡಿದೆ. ಗಡಿಯಾರ ಬರುವುದಿಲ್ಲ ಎಂದು ನಿಮಗೆ ಗೊತ್ತಿತ್ತಲ್ಲ ಎಂದು ಕೇಳಿದೆ. “ಗಡಿಯಾರ ಬ್ಯಾರೆ, ತಿಂಗಳಾ ಬ್ಯಾರೆ,” ಎಂದು ಹೊರಗೆ ಹೋದರು.

ಒಂದೇ ಸಾಲು ಸಾಕು. ನಿನ್ನ ಹಳೆಯ ಕಾಗದ ಒಂದಾದರೂ ಇದ್ದಿದ್ದರೆ ತೋರಿಸುತ್ತಿದ್ದೆ, ಎಲ್ಲವನ್ನೂ ನೀನು ಹೇಳಿದಂತೆ ಸುಟ್ಟಿದ್ದೇನೆ. ನನ್ನ ಮಗಳಿಗೆ ಎಣಿಕೆ ಬರುವುದಿಲ್ಲ ಎಂದು ಬರೆ.

ಗುರುಶಾಂತಿ


ಆದೋನಿ
14-3-1938

ಚಿ. ಸೌ. ಗುರುಶಾಂತಮ್ಮಗೆ ವೀರಬಸಮ್ಮನ ಆಶೀರ್ವಾದ.

ಈ ಕಾಗದವನ್ನು ನಿನ್ನ ಅತ್ತೆಯವರ ಮುಂದೆ ಅಳಿಯಂದಿರ ಕೈಯಿಂದ ಓದಿಸತಕ್ಕದ್ದು.

ನಿನಗೆ ಎಣಿಕೆ ಬರುವುದಿಲ್ಲ ಎಂದು ಬರೆದು ಕಳಿಸಲು ಕೇಳಿದ್ದೀಯೆ. ಇಲ್ಲದ್ದನ್ನು ನಾನು ಹೇಗೆ ಬರೆಯಲಿ? ನನ್ನ ಹೆಣ್ಣುಮಕ್ಕಳಿಬ್ಬರಿಗೂ ಓದು, ಬರಹ, ಲೆಕ್ಕ ಮೂರನ್ನೂ ಮನೆಯಲ್ಲೇ ಕಲಿಸಿದ್ದೇವೆ. ಇಬ್ಬರೂ ಅಪ್ಪನ ಮುಂದೆ ಕೂತು ಮಗ್ಗಿ ಒಪ್ಪಿಸಿದವರು. ಲಿಂಗಕ್ಕನವರು ಹುಡುಗಿ ನೋಡಲು ಬಂದಾಗ ಹಿರಿಯಳ ಕೈಯಿಂದ ಎಲೆ ಎಣಿಸಿಕೊಂಡದ್ದನ್ನು ಮರೆತಿರಲಾರರು. ನಮ್ಮ ಮನೆತನದಲ್ಲಿ ಅಂಥ ದೋಷ ಯಾರಿಗೂ ಇಲ್ಲ, ಹಿಂದೆಯೂ ಇರಲಿಲ್ಲ.

ಬಳ್ಳಾರಿಯವರು ಯುಗಾದಿಯ ಹೊತ್ತಿಗೆ ನಾಗಮ್ಮನ ನಿಶ್ಚಯಕ್ಕೆ ಬರುತ್ತಾರೆ. ಅಕ್ಕನಲ್ಲಿ ಇಲ್ಲದ ದೋಷ ಹುಟ್ಟಿಸಿ ತಂಗಿಯ ಕೊರಳಿಗೆ ಕಟ್ಟಬೇಡ. ನಿನ್ನಿಂದ ಏನು ತಪ್ಪಾಗಿದೆಯೋ ನನಗೆ ಗೊತ್ತಿಲ್ಲ. ಆಗಿದ್ದರೆ ಹಿರಿಯರ ಕಾಲಿಗೆ ಬಿದ್ದು ಅವರು ಹೇಳಿದಂತೆ ನಡೆ.

ಇತಿ,
ವೀರಬಸಮ್ಮ


ಸಿ. ಬೆಳಗಲ್
ಹೊಸ ಹುಣಸೆಹಣ್ಣು ಜಜ್ಜುವ ಕಾಲ

ಅವ್ವನಿಗೆ ಗುರುಶಾಂತಿಯ ಶರಣು.

ನಿನ್ನ ಕಾಗದವನ್ನು ಅವರು ಗಟ್ಟಿಯಾಗಿ ಓದಿದರು. ಮಗ್ಗಿಯ ಮಾತು ಬಂದಾಗ ತಲೆ ಎತ್ತಿ ನನ್ನನ್ನು ನೋಡಿದರು. ಓದಿ ಮುಗಿಸಿ, ಮಡಚಿ ನನ್ನ ಕೈಗೇ ಕೊಟ್ಟರು. ಅತ್ತೆ ಕೂಡಲೇ ಬಂಡಿ ಕಟ್ಟಿಸಿದರು. ಆದೋನಿಗೆ ಕಳಿಸಬೇಡಿ, ಮನೆಯಲ್ಲಿ ನಿಶ್ಚಯದ ಹೆಣ್ಣಿದ್ದಾಳೆ ಎಂದು ನೀನು ಬೇರೆಯಾಗಿ ಹೇಳಿ ಕಳಿಸಿದ್ದೆಯಂತೆ. ಅದಕ್ಕೆ ಸೋದರತ್ತೆ ಭೀಮಕ್ಕನ ಮನೆಗೆ ತಂದು ಬಿಟ್ಟರು. ಬಂಡಿಯಲ್ಲಿ ನಾನು ಅಳಲಿಲ್ಲ. ನೀನು ಬರೆದದ್ದೇ ನಿಜವಿರಬಹುದೇ, ನಾನು ಎಂದೋ ಮಗ್ಗಿ ಒಪ್ಪಿಸಿ ಮರೆತಿದ್ದೇನೆಯೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಅತ್ತೆ ಭೀಮಕ್ಕ ಬಡವಿ, ಆದರೆ ಅನ್ನ ಹಾಕುವಾಗ ಮುಖ ನೋಡಿ ಹಾಕುತ್ತಾಳೆ. ಅಡಿಕೆ ಹೋಳು ಕೊಡು, ನಾಲ್ಕು ಸಾಕು ಎಂದು ಒಮ್ಮೆ ಕೇಳಿದಳು. ನಾನು ಕೊಟ್ಟದ್ದನ್ನು ಅಂಗೈಯಲ್ಲಿ ನೋಡಿ, ಮತ್ತೆ ಕೇಳಿದಳು. ಮೂರನೆಯ ಸಲ ಹೋಳುಗಳನ್ನು ತಾನೇ ಎತ್ತಿಟ್ಟಳು. “ಇದು ನಿಮ್ಮವ್ವಗ ಗೊತ್ತಿಲ್ಲೇನು?” ಎಂದಳು. ಗೊತ್ತಿಲ್ಲ ಎಂದೆ. ನಿನ್ನ ಹೆಸರು ಕೆಡಿಸಬಾರದೆಂದು ಹಾಗೆ ಹೇಳಿದೆ.

ಬಳ್ಳಾರಿಯವರು ಒಲ್ಲೆವೆಂದರಂತೆ. ಅಕ್ಕ ಹೀಗಾದ ಮನೆಯ ಹೆಣ್ಣು ಬೇಡ ಎಂದರಂತೆ. ನಾಗಮ್ಮನನ್ನು ನೆನೆದು ಸಂಕಟವಾಗುತ್ತದೆ. ಆದರೆ ಅವ್ವ, ಇನ್ನು ಬಚ್ಚಿಡುವುದಕ್ಕೆ ಏನು ಉಳಿದಿದೆ? ನಿನಗೆ ಯಾವ ಭಯ ಇತ್ತೋ ಅದು ಆಗಿಹೋಯಿತು. ಈಗಲಾದರೂ ಬರೆ. ನಿಜ ಗೊತ್ತಾದರೆ ಅವರು ಬಂದು ಕರೆದುಕೊಂಡು ಹೋಗುತ್ತಾರೆ, ನಾಗಮ್ಮನಿಗೆ ಅಂಟಿದ ಮಾತೂ ತೊಳೆದುಹೋಗುತ್ತದೆ.

ಕೂಸು ಒದೆಯುತ್ತದೆ. ಎಷ್ಟು ಸಲ ಎಂದು ಮಾತ್ರ ಕೇಳಬೇಡ.

ನಿನ್ನ ಮಗಳು,
ಗುರುಶಾಂತಿ


ಆದೋನಿ
2-5-1938

ಗುರುಶಾಂತಮ್ಮಗೆ ಆಶೀರ್ವಾದ.

ಲಿಂಗಕ್ಕನವರು ಆದೋನಿಗೆ ಬಂದಿದ್ದರು. ಎರಡು ದಿನ ಇದ್ದರು. ನಾಗಮ್ಮ ಮನೆ ನಡೆಸುವುದನ್ನು ಕೂತು ನೋಡಿದರು. ಹೋಗುವ ಮುಂದೆ, ಹಿರಿಯಳಿಂದ ಆದ ಮುರುಕನ್ನು ಕಿರಿಯಳಿಂದ ಕೂಡಿಸೋಣ ಎಂದರು. ಅಳಿಯ ಚಂದ್ರಣ್ಣನವರಿಗೂ ಒಪ್ಪಿಗೆ ಇದೆ. ನಾನು ಒಪ್ಪಿದ್ದೇನೆ. ಈ ತಿಂಗಳ ಕೊನೆಗೆ ನಾಗಮ್ಮನ ಜೊತೆ ಅವರ ಲಗ್ನ.

ನೀನು ಬರಬೇಡ. ಆ ಹೊಟ್ಟೆ ಹೊತ್ತುಕೊಂಡು ಚಪ್ಪರದಲ್ಲಿ ತಿರುಗಾಡಿದರೆ ಚೆನ್ನಾಗಿರುವುದಿಲ್ಲ.

ಬರೆ, ಬರೆ ಎಂದು ಪೀಡಿಸುತ್ತೀಯೆ. ನಾನು ಈಗ ಬೇರೆ ಮಾತು ಬರೆದೆ ಎಂದು ಇಟ್ಟುಕೋ. ಅವರು ನಿನ್ನನ್ನು ಕರೆದುಕೊಂಡು ಹೋಗುತ್ತಾರೆ. ಬಳ್ಳಾರಿಯವರು ಬಿಟ್ಟ ನಾಗಮ್ಮ ನನ್ನ ಒಲೆಯ ಮುಂದೆ ಮುದುಕಿಯಾಗುತ್ತಾಳೆ. ತಾಯಿ ಸುಳ್ಳು ಬರೆದವಳು ಎಂದು ನನ್ನ ಮಾತು ಮಂಡಿಯಲ್ಲಿ ಬೀಳುತ್ತದೆ. ನಿನ್ನೊಬ್ಬಳದು ಹಾಳಾಗಿದೆ, ಅದು ಆಗಿಹೋದದ್ದು. ಈ ಲೆಕ್ಕ ನಿನಗೆ ಅರ್ಥವಾಗಬೇಕೆಂದು ನಾನು ಹಟ ಹಿಡಿಯುವುದಿಲ್ಲ.

ನಿನ್ನ ಹಸಿರು ಇಳಕಲ್ ಸೀರೆ ಗೋನೆಗಂಡ್ಲದಲ್ಲಿಯೇ ಪೆಟ್ಟಿಗೆಯಲ್ಲಿದೆಯಂತೆ, ನಾಗಮ್ಮನಿಗೆ ಉಡಲು ಹೇಳಿದ್ದೇನೆ. ಹಳೆಯ ಮಾತು ಇನ್ನು ಎತ್ತಬೇಡ.

ವೀರಬಸಮ್ಮ


ಗೋನೆಗಂಡ್ಲ
20-6-1938

ಅಕ್ಕನಿಗೆ ನಾಗಮ್ಮನ ಶರಣು.

ಬರೆಯಬಾರದು ಎಂದು ಅವ್ವ ಹೇಳಿದ್ದಾಳೆ. ಆದರೂ ಬರೆಯುತ್ತಿದ್ದೇನೆ.

ಲಗ್ನದ ಮರುದಿನವೇ ಅತ್ತೆ ನನ್ನನ್ನು ಕಣಕ್ಕೆ ಕರೆದುಕೊಂಡು ಹೋಗಿ ಸೇರು ಕೈಗೆ ಕೊಟ್ಟರು. ಲಾಭ, ಎರಡು, ಮೂರು ಎಂದು ಅಳೆದೆ. ಎಲ್ಲೂ ತಪ್ಪಲಿಲ್ಲ. ಕೂಲಿ ಹೆಣ್ಣುಮಕ್ಕಳು ಒಬ್ಬರೂ ಹರಸಲಿಲ್ಲ. ಸಂಜೆ ಅತ್ತೆ ಉಗ್ರಾಣದ ಕೀಲಿ ಗೊಂಚಲನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಮನೆಯವರೆಲ್ಲರ ಮುಂದೆ ನೇರವಾಗಿ ಕೇಳಿದರು, “ಖರೇ ಹೇಳು, ನಿಮ್ಮಕ್ಕಗ ಎಣಿಕಿ ಬರತಿತ್ತೋ ಇಲ್ಲೋ?”

ನಿನ್ನ ಬೆನ್ನಿಗೆ ಚಿವುಟಿದ ಬೆರಳು ನನ್ನದೇ ಅಕ್ಕ. ಯಜಮಾನರು ಕಂಬಕ್ಕೆ ಒರಗಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಏನು ಹೇಳಿದರೆ ಅವರು ಅಂದೇ ಬೆಳಗಲ್ಲಿಗೆ ಬಂಡಿ ಕಟ್ಟಿಸುತ್ತಿದ್ದರು ಎಂದು ನನಗೆ ಗೊತ್ತಿತ್ತು. ಬಂಡಿ ತಿರುಗಿ ಬಂದಾಗ ನಾನು ಎಲ್ಲಿ ಇರುತ್ತಿದ್ದೆ ಎಂದೂ ಗೊತ್ತಿತ್ತು. “ಬರತಿತ್ತು,” ಎಂದೆ.

ಕ್ಷಮಿಸು ಎಂದು ಬರೆಯಲೆಂದೇ ಕೂತಿದ್ದೆ. ಬರೆದರೆ ನೀನು ಕ್ಷಮಿಸಿಬಿಡುತ್ತೀಯೆ, ನಿನ್ನ ಗುಣ ಅಂಥದು. ಅದು ನನಗೆ ಬೇಡ.

ಇನ್ನೊಂದು ಮಾತು ಕೇಳಬೇಕಿತ್ತು. ಅವರು ಊಟ ಸರಿಯಾಗಿ ಮಾಡುತ್ತಿಲ್ಲ. ನೀನು ಮಾಡುತ್ತಿದ್ದ ಪುಂಡಿಸೊಪ್ಪಿನ ಪಲ್ಯ ಚೆನ್ನಾಗಿತ್ತು ಎಂದು ಒಮ್ಮೆ ಬಾಯಿ ತಪ್ಪಿ ಅಂದರು. ಅದಕ್ಕೆ ಏನು ಹಾಕುತ್ತಿದ್ದೆ? ಎಷ್ಟು ಎಂದು ಕೇಳುವುದಿಲ್ಲ, ಏನೇನು ಎಂದಷ್ಟೇ ಬರೆ.

ನಾಗಮ್ಮ


ಆದೋನಿ
25-7-1938

ಗುರುಶಾಂತಮ್ಮಗೆ ಆಶೀರ್ವಾದ.

ಗಂಡು ಕೂಸು ಎಂದು ತಿಳಿಯಿತು. ನಿನ್ನ ಹೆರಿಗೆಗೆ ಸುಂಕಲಮ್ಮ ತಾನಾಗಿಯೇ ಬೆಳಗಲ್ಲಿಗೆ ನಡೆದು ಬಂದಿದ್ದಳಂತೆ. ದಿನ ತುಂಬಿದ ಕೂಸು, ಉಗುರು ಬೆಳೆದಿದೆ, ತೂಕವಾಗಿದೆ ಎಂದು ಊರಿಗೆ ಹೋಗಿ ಬಾವಿಕಟ್ಟೆಯಲ್ಲಿ ನಿಂತು ಹೇಳಿದ್ದಾಳೆ. ಗೋನೆಗಂಡ್ಲದಲ್ಲಿ ಈಗ ಎಲ್ಲರೂ ಬೆರಳು ಮಡಚುತ್ತಿದ್ದಾರೆ. ಚಂದ್ರಣ್ಣನವರು ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲವಂತೆ.

ಲಿಂಗಕ್ಕನವರು ಕೂಸನ್ನು ಕರೆದುಕೊಂಡು ಹೋಗಲು ಬರುತ್ತಾರೆ. ಕೂಸನ್ನು ಮಾತ್ರ. ಕೊಟ್ಟುಬಿಡು. ಸುಂಕಲಮ್ಮನ ಮಗಳಿಗೆ ಹಾಲಿದೆ, ಗೊತ್ತು ಮಾಡಿದ್ದಾರೆ. ಸಾಕುವವಳು ಬೇರೆ ಯಾರೂ ಅಲ್ಲ, ನಿನ್ನ ತಂಗಿ. ಬೆಳಗಲ್ಲಿನಲ್ಲಿ ಬೆಳೆದರೆ ಅವನು ಭೀಮಕ್ಕನ ಎಮ್ಮೆ ಕಾಯುತ್ತಾನೆ, ಗೋನೆಗಂಡ್ಲದಲ್ಲಿ ಬೆಳೆದರೆ ಆ ಮನೆಗೆ ಯಜಮಾನನಾಗುತ್ತಾನೆ. ಇದಕ್ಕಾದರೂ ಅಡ್ಡ ಬರಬೇಡ.

ವೀರಬಸಮ್ಮ


ಸಿ. ಬೆಳಗಲ್
ಅವನನ್ನು ಒಯ್ದ ಮೇಲೆ

ಅವ್ವ,

ನೀನು ಹೇಳಿದ ಹಾಗೆ ಅಡ್ಡ ಬರಲಿಲ್ಲ. ಏನಾಯಿತು ಎಂದು ನಿನಗೆ ತಿಳಿದಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಬಂಡಿಯಲ್ಲಿ ಲಿಂಗಕ್ಕ ಮತ್ತು ನಾಗಮ್ಮ ಬಂದರು. ನಿನ್ನ ಅಳಿಯಂದಿರು ಬರಲಿಲ್ಲ. ನಾಗಮ್ಮ ಬಂಡಿಯಿಂದ ಇಳಿಯಲೇ ಇಲ್ಲ, ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದಳು. ನನ್ನ ಹಸಿರು ಸೀರೆ ಉಟ್ಟಿದ್ದಳು. ಪಲ್ಯಕ್ಕೆ ಏನೇನು ಹಾಕಬೇಕು ಎಂದು ಚೀಟಿಯಲ್ಲಿ ಬರೆದಿಟ್ಟಿದ್ದೆ, ಅದನ್ನು ಬಂಡಿಯ ಹತ್ತಿರ ಹೋಗಿ ಆಕೆಯ ಮಡಿಲಿಗೆ ಹಾಕಿದೆ.

ಅತ್ತೆ ಭೀಮಕ್ಕ ಬಾಗಿಲಿಗೆ ಅಡ್ಡ ನಿಂತು ಜಗಳ ತೆಗೆದಳು. ಈ ಹುಡುಗಿಗೆ ಎಣಿಕೆ ಬರುವುದಿಲ್ಲ, ಅಡಿಕೆ ಹೋಳು ಕೊಟ್ಟು ನಾನೇ ನೋಡಿದ್ದೇನೆ, ನೀವು ಪಾಪ ಕಟ್ಟಿಕೊಂಡಿರಿ ಎಂದಳು. ಲಿಂಗಕ್ಕ ಸಿಟ್ಟಾಗಲಿಲ್ಲ. ನನ್ನ ಮುಂದೆ ಬಂದು ಕೂತು ಮೆಲ್ಲಗೆ ಹೇಳಿದರು.

“ಈಗ ನಂಬತೀನವ್ವ. ನಿನಗ ಎಣಿಕಿ ಬರಂಗಿಲ್ಲ, ಖರೇ ಐತಿ. ಎಣಿಕಿ ಬರದಾಕಿ ಕೈಯಾಗ ನಮ್ಮ ಮನಿ ಕೂಸು ಹೆಂಗ ಬಿಡ್ಲಿ ಹೇಳು?”

ನಾನು ಇಷ್ಟು ದಿನ ಯಾವ ಮಾತನ್ನು ಅವರು ನಂಬಲಿ ಎಂದು ನಿನ್ನ ಕಾಲು ಹಿಡಿದಿದ್ದೆನೋ ಅದನ್ನು ಅವರು ನಂಬಿದರು. ನೀನು ಬರೆಯಬೇಕಾಗಲಿಲ್ಲ.

ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡು ಅಂಗಳದ ಬಿಸಿಲಿನಲ್ಲಿ ಬಟ್ಟೆ ಬಿಚ್ಚಿ ನೋಡಿದರು. ಯಾವ ಊನವೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರಲ್ಲ, ಹಾಗೆ ಅವನ ಮುಷ್ಟಿ ಬಿಡಿಸಿ ಬೆರಳು ಎಣಿಸಿದರು. ನಾನು ಹತ್ತಿರವೇ ನಿಂತಿದ್ದೆ. ಮೊದಲು ಹೆಬ್ಬೆರಳು ಹಿಡಿದು ‘ಲಾಭ’ ಎಂದರು. ಅದರ ಪಕ್ಕದ ಬೆರಳು ಹಿಡಿದು ‘ಎರಡು’ ಎಂದರು. ಅವನು ಆ ಬೆರಳಿನಿಂದ ಅವರ ಬಳೆ ಹಿಡಿದುಕೊಂಡ. ಮೂರು, ನಾಲ್ಕು, ಐದು ಎಂದರು. ಇನ್ನೊಂದು ಕೈಗೂ ಹಾಗೆಯೇ ಎಂದರು.

ಲಾಭ ಆದ ಮೇಲೆ ಎರಡು ಅವ್ವ. ಒಂದು ಅಲ್ಲ. ನೀನು ಬರೆ ಹಾಕಿದರೂ ಬರದದ್ದು ಈಗ ಬಂತು. ಇನ್ನು ತಪ್ಪುವುದಿಲ್ಲ. ಕಣ್ಣು ಮುಚ್ಚಿದರೆ ಅವನ ಕೈ ಕಾಣುತ್ತದೆ, ಅದನ್ನು ನೋಡಿಕೊಂಡು ಎಣಿಸುತ್ತೇನೆ.

ಅವನು ಹೋಗಿ ಎಷ್ಟು ದಿನವಾಯಿತು ಎಂದು ನನಗೆ ಹೇಳಲು ಬರುವುದಿಲ್ಲ. ಹಾಲು ಇನ್ನೂ ನಿಂತಿಲ್ಲ. ಅದು ಬತ್ತಲೆಂದು ಭೀಮಕ್ಕ ಮಲ್ಲಿಗೆ ಎಲೆ ಅರೆದು ಎದೆಗೆ ಕಟ್ಟುತ್ತಿದ್ದಾಳೆ.

ಗುರುಶಾಂತಿ